ಮಾಸ್ತರರ ಬಲಗಾಲು

ಡ್ರೈವಿಂಗ್ ಮಾಸ್ತರರು ಕಾರು ಕಲಿಸುತ್ತಲೇ ತಲೆ ಹಣ್ಣು ಮಾಡಿಕೊಂಡವರು. ಊರಿನ ಅರ್ಧ ಜನಕ್ಕೆ ಗೇರು ಹಾಕಲು ಕಲಿಸಿದ್ದು ಅವರೇ. ಆ ಸಂಗತಿಯನ್ನು ಉಳಿದರ್ಧ ಜನಕ್ಕೆ ಹೇಳಿಕೊಂಡು ತಿರುಗಿದವರೂ ಅವರೇ. ಪಾಠದ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದಲ್ಲ, ಇಷ್ಟು ವರ್ಷ ಅವರ ಜೀವ ಉಳಿಸಿದ್ದು ಅದು. ಎದುರಿಗೆ ಲಾರಿ ಬರಲಿ, ಗೋಡೆ ಬರಲಿ, ಎದೆ ಧಸಕ್ಕೆಂದ ಕೂಡಲೇ ಬಲಗಾಲು ತಾನಾಗಿಯೇ ಒತ್ತುತ್ತಿತ್ತು. ಈ ಚಾಳಿ ಎಷ್ಟು ಮೈಗೂಡಿತ್ತೆಂದರೆ ಬಸ್ಸಿನಲ್ಲಿ ಕೂತರೂ ಮುಂದಿನ ಸೀಟಿನ ಬುಡ ತುಳಿಯುತ್ತಿದ್ದರು. ಟೀವಿಯಲ್ಲಿ ಯಾವನೋ ಜೋರಾಗಿ ಕಾರು ಓಡಿಸಿದರೆ ಮನೆಯ ಟೀಪಾಯಿಗೆ ಒದೆ ಬೀಳುತ್ತಿತ್ತು.

ಇಂಥವರು ಕುದುರೆ ಹತ್ತಿದರು. ಹೆಂಡತಿಯ ತವರಿನವರು ಕುದುರೆಯವರು. ಭಾವಮೈದುನ ಸವಾರಿ ಶಾಲೆ ನಡೆಸುತ್ತಿದ್ದ. ಆ ಮನೆಯಲ್ಲಿ ಊಟಕ್ಕೆ ಕೂತರೆ ಲಾಳ, ಲಗಾಮು, ಹುಲ್ಲು ಬಿಟ್ಟು ಬೇರೆ ಮಾತಿಲ್ಲ. ಮಾಸ್ತರರು ನಡುವೆ ಬಾಯಿ ಹಾಕಿದರೆ ಭಾವಮೈದುನ ನಗುತ್ತಾ, "ಭಾವ, ಇದು ಕಾರಲ್ಲ" ಎನ್ನುತ್ತಿದ್ದ. ಮದುವೆಯಾದಾಗಿನಿಂದ ಇದನ್ನು ಕೇಳಿ ಕೇಳಿ ರೋಸಿದ ಮಾಸ್ತರರು, ಮೊಣಕಾಲು ನೋವಿನ ಮಾತ್ರೆ ಶುರುವಾಗುವ ವಯಸ್ಸಿನಲ್ಲಿ ಹಟಕ್ಕೆ ಬಿದ್ದು ಸವಾರಿ ಕಲಿತರು. ಕಲಿತವರು ಸುಮ್ಮನಿರಲಿಲ್ಲ, ಲಾಯದಲ್ಲಿದ್ದ ಬೆಡಗಿ ಎಂಬ ಎಳೆಯ ಹೆಣ್ಣು ಕುದುರೆಗೆ ಮನಸೋತರು. ಇದರಲ್ಲಿ ಮಾತ್ರ ಅವರನ್ನು ಗೇಲಿ ಮಾಡುವಂತಿಲ್ಲ. ದಿನಾ ಬೆಳಿಗ್ಗೆ ಅದರ ಮೈ ತಿಕ್ಕಿ, ಗೊರಸಿನ ಸಂದಿಯ ಮಣ್ಣು ಕೆರೆದು, ಹಣೆಗೆ ಹಣೆ ತಾಗಿಸಿ ಎರಡು ಮಾತಾಡಿದ ಮೇಲೇ ಕಾರಿನ ಕೀಲಿ ಮುಟ್ಟುತ್ತಿದ್ದರು. ಹೆಂಡತಿಯ ಜೊತೆ ಅಷ್ಟು ಮೃದುವಾಗಿ ಮಾತಾಡಿದ್ದನ್ನು ಯಾರೂ ಕಂಡಿಲ್ಲ.

ಅದರ ಮೇಲೆ ಕೂತು ಈವೆಂಟಿಂಗ್ ಸ್ಪರ್ಧೆಗೂ ಹೋದರು. ಒಂದೇ ಕುದುರೆಗೆ ಅಲ್ಲಿ ಮೂರು ಪರೀಕ್ಷೆ: ಮೊದಲು ಅಂಕಣದಲ್ಲಿ ಶಿಸ್ತಿನ ನಡಿಗೆ, ಆಮೇಲೆ ಬಯಲಿನಲ್ಲಿ ದಿಮ್ಮಿ, ಗುಂಡಿ, ನೀರು ದಾಟುವ ಓಟ, ಕೊನೆಗೆ ಅಡ್ಡ ಇಟ್ಟ ಬಣ್ಣದ ಕಂಬಗಳ ಮೇಲಿಂದ ಜಿಗಿತ. ಹಿಂದಿನ ಸ್ಪರ್ಧೆಗಳಲ್ಲಿ ಮಾಸ್ತರರು ಒಮ್ಮೆಯೂ ಕೊನೆ ಮುಟ್ಟಿರಲಿಲ್ಲ. ತಪ್ಪೆಲ್ಲ ನೆಲದ್ದು, ಬಿಸಿಲಿನದ್ದು, ತೀರ್ಪುಗಾರರದ್ದು. ಕುಣಿಯಲಾರದವಳಿಗೆ ನೆಲ ಡೊಂಕು.

ಈ ಸಲ ಭಾವಮೈದುನ ನಗಲಿಲ್ಲ. "ನೋಡಿ ಭಾವ, ಮೂರೂ ಮುಗಿಸಿದ್ರೆ ಬೆಡಗಿ ನಿಮ್ಮ ಕೈಲೇ ಇರ್ಲಿ. ಇಲ್ಲಾಂದ್ರೆ ಮಾರನೇ ದಿನದಿಂದ ನನ್ನ ಮಗಳು ಹತ್ತುತ್ತಾಳೆ. ಎಳೇ ಕುದುರೆ, ಕೆಟ್ಟ ಅಭ್ಯಾಸ ಹತ್ತಿದ್ರೆ ಬಿಡಲ್ಲ."

ಆ ಮಗಳಿಗೆ ಕಾರು ಕಲಿಸಿದ್ದು ಮಾಸ್ತರರೇ. "ನಿನ್ನ ಕೈಲಿ ತಳ್ಳೋ ಗಾಡಿನೂ ನೆಟ್ಟಗೆ ಹೋಗಲ್ಲ" ಎಂದು ಬೈದು ಬೈದು ಕಲಿಸಿದ್ದರು. ಅವಳ ಕೈಗೆ ಬೆಡಗಿಯೇ? ಮಾಸ್ತರರಿಗೆ ಅನ್ನ ಸೇರಲಿಲ್ಲ.

ಸ್ಪರ್ಧೆಯ ಬೆಳಿಗ್ಗೆ ಜೀನು ಬಿಗಿಯುತ್ತಾ ಹೆಂಡತಿ ಮೆಲ್ಲಗೆ ಹೇಳಿದಳು: "ರೀ, ಹೆದರಿದಾಗೆಲ್ಲ ನಿಮ್ಮ ಬಲಗಾಲು ಒತ್ತುತ್ತೆ. ಬೆಡಗಿ ಓಡೋದು ಅದಕ್ಕೇ."

"ನಾನು? ಹೆದರೋದು?" ಎಂದರು ಮಾಸ್ತರರು.

ಕುದುರೆಗೆ ಬ್ರೇಕು ಸವಾರನ ಕಾಲಲ್ಲಿಲ್ಲ. ಪಕ್ಕೆಗೆ ಹಿಮ್ಮಡಿ ಒತ್ತಿದರೆ ಹೋಗು ಎಂದರ್ಥ. ಅಡ್ಡಿಯ ಮುಂದೆ ಒತ್ತಿದರೆ ಹಾರು ಎಂದರ್ಥ. ಇದು ಮಾಸ್ತರರ ತಲೆಗೆ ಗೊತ್ತಿತ್ತು. ಕಾಲಿಗೆ ಯಾರು ಹೇಳಬೇಕು?

ಶಿಸ್ತಿನ ನಡಿಗೆಯಲ್ಲಿ ತೀರ್ಪುಗಾರರ ಮೇಜು ಹತ್ತಿರವಾದಾಗೆಲ್ಲ ಎದೆ ಹಾರಿ, ಕಾಲು ಒತ್ತಿ, ಬೆಡಗಿ ದುಂಡಗೆ ಸುತ್ತುವ ಬದಲು ಮೊಟ್ಟೆಯಾಕಾರ ಬರೆಯಿತು. ಅಂಕ ಕೊನೆಯಿಂದ ಎರಡನೆಯದು. ಆದರೂ ಪಾಸು. ಬಯಲಿನ ಓಟದಲ್ಲಿ ಕಥೆಯೇ ಬೇರೆಯಾಯಿತು. ಮೊದಲ ದಿಮ್ಮಿ ಕಂಡಿದ್ದೇ ಮಾಸ್ತರರ ಜೀವ ಬಾಯಿಗೆ ಬಂತು. ಬ್ರೇಕು! ಬೆಡಗಿ ಹಾರಿತು. ಗುಂಡಿ ಬಂತು, ಬ್ರೇಕು! ಹಾರಿತು. ಕೆರೆಯಂಥ ನೀರು ಕಂಡಾಗ ಮಾಸ್ತರರು ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಕಾರಾಗಿದ್ದರೆ ತಳವೇ ತೂತಾಗುವ ಹಾಗೆ ಒತ್ತಿದರು. ಉಳಿದ ಎಳೆಯ ಕುದುರೆಗಳು ಮೂಗು ಹಾಕಿ ನೋಡಿ ಹಿಂದೆಗೆದ ನೀರನ್ನು ಬೆಡಗಿ ಚಿಮ್ಮಿಸಿಕೊಂಡು ದಾಟಿತು. ಒಂದು ತಪ್ಪೂ ಇಲ್ಲ.

ಜನ ಮುತ್ತಿಕೊಂಡರು. ಈ ವಯಸ್ಸಿನಲ್ಲಿ ಎಂಥ ಗುಂಡಿಗೆ ಎಂದು ಹೊಗಳಿ ಅಟ್ಟಕ್ಕೇರಿಸಿದರು. ಭಾವಮೈದುನನೂ ಬಂದು ಕೈ ಕುಲುಕಿದ. ಮಾಸ್ತರರು ಹೆಲ್ಮೆಟ್ ಕಂಕುಳಲ್ಲಿ ಇರುಕಿಕೊಂಡು, "ಧೈರ್ಯ ಅನ್ನೋದು ಕಲಿಸಿದ್ರೆ ಬರಲ್ಲ, ಅದು ರಕ್ತದಲ್ಲೇ ಇರಬೇಕು" ಎಂದು ಪಾಠ ಶುರುಮಾಡಿದರು. ಐದು ನಿಮಿಷದ ಹಿಂದೆ ದೇವರಿಗೆ ಏನೇನು ಹರಕೆ ಹೊತ್ತಿದ್ದೆ ಎಂಬುದು ಅವರಿಗೇ ಮರೆತುಹೋಗಿತ್ತು.

ಕೊನೆಯ ಸುತ್ತಿಗೆ ಹೊರಟಾಗ ಹೆಂಡತಿ ಲಗಾಮು ಹಿಡಿದು ನಿಲ್ಲಿಸಿದಳು. ಅವಳ ಮುಖ ಬಾಡಿತ್ತು. "ರೀ, ನನ್ನ ಮಾತು ಕೇಳಿ. ಸ್ವಲ್ಪ ಹೆದರ್ಕೊಳ್ಳಿ."

"ಹೊಟ್ಟೆಕಿಚ್ಚು ನಿಮ್ಮ ಮನೆತನಕ್ಕೇ ಇದೆ" ಎಂದು ಮಾಸ್ತರರು ಒಳಗೆ ಹೋದರು.

ಹೋದರು, ರಾಜಗಾಂಭೀರ್ಯದಿಂದ. ಎದೆಯಲ್ಲಿ ಅಳುಕಿಲ್ಲ, ಕಾಲಲ್ಲಿ ಕಸುವಿಲ್ಲ. ಎರಡೂ ಕಾಲು ಒಗೆದು ಹಾಕಿದ ಪ್ಯಾಂಟಿನ ಹಾಗೆ ಜೋತಾಡುತ್ತಿದ್ದವು. ಮೊದಲ ಕಂಬದ ಮುಂದೆ ಬೆಡಗಿ ಬಂದು ಕಾದಿತು. ಮಾಸ್ತರರು ಒತ್ತಲಿಲ್ಲ. ನಿಂತುಬಿಟ್ಟಿತು. ಮಾಸ್ತರರು ಜನರತ್ತ ನಕ್ಕು, "ತುಂಟಿ" ಎಂದು ಕುತ್ತಿಗೆ ತಟ್ಟಿ ತಿರುಗಿಸಿ ತಂದರು. ಮತ್ತೆ ನಿಂತಿತು. ಮೂರನೆಯ ಸಲ ಬೆಡಗಿ ಕಿವಿ ಹಿಂದಕ್ಕೆ ತಿರುಗಿಸಿ ಮೇಲೆ ಯಾರಾದರೂ ಇದ್ದಾರೋ ಎಂದು ಕೇಳುವ ಹಾಗೆ ನಿಂತಾಗ ಗಂಟೆ ಹೊಡೆಯಿತು. ಮೂರು ಸಲ ನಿಂತರೆ ಸ್ಪರ್ಧೆಯಿಂದ ಹೊರಗೆ.

ಆ ಗಂಟೆ ಕಿವಿಗೆ ಬಿದ್ದಾಗಲೇ ಮಾಸ್ತರರಿಗೆ ನಾಳೆ ಬೆಳಿಗ್ಗೆ ಕಣ್ಣಿಗೆ ಕಟ್ಟಿದ್ದು. ಬೆಡಗಿ ಕೈಬಿಟ್ಟು ಹೋಯಿತು. ಎದೆ ಧಸಕ್ಕೆಂದಿತು, ಬಲಗಾಲು ಒತ್ತಿತು. ಬೆಡಗಿ ನಿಂತಲ್ಲಿಂದಲೇ ಎದ್ದು ಆ ಕಂಬವನ್ನು, ಗೊರಸಿನ ತುದಿಯೂ ತಾಗದ ಹಾಗೆ, ಹಾರಿತು. ಇಡೀ ದಿನದಲ್ಲಿ ಅಷ್ಟು ಚಂದದ ಜಿಗಿತ ಇನ್ನೊಂದಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು.

ಬಾಗಿಲಲ್ಲಿ ಭಾವಮೈದುನನ ಮಗಳು ನಿಂತಿದ್ದಳು. ಮಾಸ್ತರರು ಇಳಿದು, ಬೆಡಗಿಯ ಹಣೆಗೆ ಹಣೆ ತಾಗಿಸಿ, ಲಗಾಮನ್ನು ಅವಳ ಕೈಗಿಟ್ಟರು.

"ನೋಡಮ್ಮ, ಎದುರಿಗೆ ಏನಾದ್ರೂ ಬಂದ್ರೆ ಇವಳಿಗೆ ಬಲಗಾಲು ಒತ್ತಬೇಕು. ಇಲ್ದಿದ್ರೆ ಪಾಪ, ಏನು ಮಾಡ್ಬೇಕು ಅಂತ ಗೊತ್ತಾಗಲ್ಲ."

"ಗೊತ್ತು ಮಾವ" ಎಂದಳು ಅವಳು. "ಕಾರು ಕಲಿಯೋವಾಗ ನಾನು ರಸ್ತೆ ಎಲ್ಲಿ ನೋಡ್ತಿದ್ದೆ, ನಿಮ್ಮ ಕಾಲೇ ನೋಡ್ತಿದ್ದಿದ್ದು."

ಮನೆಗೆ ಹೋಗುವಾಗ ಕಾರನ್ನು ಹೆಂಡತಿಯೇ ಓಡಿಸಿದಳು. ಮಾಸ್ತರರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಬ್ರೇಕು ಒತ್ತುತ್ತಲೇ ಇದ್ದರು. ಅದು ಮನೆಯ ಕಾರು, ಅವರ ಕಾಲ ಬಳಿ ಬ್ರೇಕಿರಲಿಲ್ಲ.