ಕೊನೆಯ ಹದಿನಾರು ಪುಟ

ಬೈಂಡಿಂಗ್ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಆಡಿಕೊಳ್ಳುವುದುಂಟು. ಶುದ್ಧ ಸುಳ್ಳು. ಮೂಗಿನ ತುದಿಯ ಕೋಪವಾದರೆ ಒಂದು ಸಲ ಸೀನಿದರೆ ಹೋಗುತ್ತದೆ. ಅಕ್ಕನದು ಮೂವತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟು ಸಾಕಿದ ಕೋಪ. ಅದೂ ಒಬ್ಬರೇ ಒಬ್ಬರ ಮೇಲೆ, ಒಂಬತ್ತನೇ ತರಗತಿಯಲ್ಲಿ ಅವಳಿಗೆ ಪಾಠ ಹೇಳಿದ ಮೇಷ್ಟ್ರ ಮೇಲೆ.

ಆಗ ಅವಳಿಗೆ ಹದಿನಾಲ್ಕು. ಶಾಲೆಯ ಲೈಬ್ರರಿಯಲ್ಲಿ ಇಟ್ಟಿಗೆ ಗಾತ್ರದ ಒಂದು ರಷ್ಯನ್ ಕಾದಂಬರಿಯ ಅನುವಾದವಿತ್ತು. ಮಕ್ಕಳಿಗೆ ಕೊಡುವ ಹಾಗಿರಲಿಲ್ಲ. ಹುಡುಗಿಯ ಕಾಟ ತಡೆಯಲಾರದೆ ಲೈಬ್ರರಿ ನೋಡಿಕೊಳ್ಳುವಾತ ರಿಜಿಸ್ಟರಿನಲ್ಲಿ ಬರೆಯದೆ ಕೊಟ್ಟು ಕಳಿಸಿದ. ಅದರಲ್ಲಿ ಒಬ್ಬೊಬ್ಬನಿಗೂ ನಾಲ್ಕು ನಾಲ್ಕು ಹೆಸರು; ಅಪ್ಪ ಕರೆಯುವುದೊಂದು, ಹೆಂಡತಿ ಕರೆಯುವುದೊಂದು. ಅವಳು ನೋಟ್‌ಬುಕ್ಕಿನ ಹಿಂದೆ ಪಟ್ಟಿ ಮಾಡಿಕೊಂಡು ಓದಿದಳು. ಗಡೀಪಾರಾದ ಗಂಡನನ್ನು ಹುಡುಕಿಕೊಂಡು ಹೆಂಡತಿ ಹಿಮದಲ್ಲಿ ಹೊರಟೇಬಿಟ್ಟಿದ್ದಾಳೆ, ಅವನು ಸಿಕ್ಕಿದನೋ ಇಲ್ಲವೋ ತಿಳಿಯಲು ಇನ್ನು ಇಪ್ಪತ್ತು ಪುಟ ಅಷ್ಟೆ. ಅಷ್ಟರಲ್ಲಿ ಮೇಷ್ಟ್ರು ಅವಳ ಚೀಲದಿಂದ ಪುಸ್ತಕ ಎಳೆದು ಇಡೀ ತರಗತಿಗೆ ಎತ್ತಿ ತೋರಿಸಿದರು.

“ನೋಡ್ರೋ, ಕಳ್ಳಿ!”

ಆ ಹೆಸರು ಅಂಟಿಕೊಂಡಿತು. ಅಪ್ಪ ತಲೆಯೆತ್ತಿ ತಿರುಗಲಾರದೆ ಅವಳನ್ನು ಶಾಲೆ ಬಿಡಿಸಿ ಬೈಂಡಿಂಗ್ ಅಂಗಡಿಗೆ ಹಾಕಿದ. ಲೈಬ್ರರಿಯಾತ ಮರುದಿನವೇ ಹೋಗಿ, “ಪುಸ್ತಕ ನಾನೇ ಕೊಟ್ಟಿದ್ದು ಸಾರ್” ಎಂದಿದ್ದ. “ಆಗಿದ್ದಾಯ್ತು ಬಿಡಯ್ಯ” ಎಂದರಂತೆ ಮೇಷ್ಟ್ರು. ಆಗಿದ್ದಾಯ್ತಂತೆ! ನಾಲ್ಕು ಹೆಜ್ಜೆ ನಡೆದು ಬಂದು ಅವಳಪ್ಪನಿಗೆ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಈಗ ಮೇಷ್ಟ್ರಿಗೆ ಎಪ್ಪತ್ತೊಂಬತ್ತು. ಬಡಾವಣೆಯ ಓದುಬಳಗಕ್ಕೆ ಅವರೇ ಹಿರಿಯರು. ಅದೇ ಕಾದಂಬರಿಯ ಅದೇ ಪ್ರತಿಯನ್ನು ಶಾಲೆಯಿಂದ ತರಿಸಿ ಭಾನುವಾರ ಸಂಜೆ ಗಟ್ಟಿಯಾಗಿ ಓದುತ್ತಿದ್ದರು. ಇನ್ನೊಂದು ಪ್ರತಿ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಅವರಿಗೂ ಅದು ಮೊದಲ ಓದು. ಹುಡುಗಿಯ ಕೈಯಿಂದ ಕಿತ್ತುಕೊಂಡದ್ದನ್ನು ಅಂದು ತೆರೆದೂ ನೋಡಿರಲಿಲ್ಲ. ಮುಂದಿನ ಪುಟ ತಿರುವಿ ನೋಡಕೂಡದೆಂದು ಅವರೇ ಕಟ್ಟಪ್ಪಣೆ ಮಾಡಿದ್ದರು, ತಾವೂ ಪಾಲಿಸಿದರು. ದರ್ಜಿ, ಅಂಚೆಯವ, ನರ್ಸಮ್ಮ ಎಲ್ಲರೂ ಆರು ತಿಂಗಳಿಂದ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಹೆಂಡತಿ ಮನೆ ಬಿಟ್ಟು ಹೊರಟಿದ್ದು ಸರಿಯೋ ತಪ್ಪೋ ಎಂಬ ಜಗಳದಲ್ಲಿ ದರ್ಜಿಗೂ ನರ್ಸಮ್ಮನಿಗೂ ಮಾತೇ ನಿಂತುಹೋಗಿತ್ತು.

ಇನ್ನೇನು ಮುಗಿಯಬೇಕು, ಪುಸ್ತಕದ ಬೆನ್ನು ಕಿತ್ತುಬಂತು. ರಿಪೇರಿಗೆ ಬಂದದ್ದು ಅಕ್ಕನ ಅಂಗಡಿಗೇ.

“ಜೋಪಾನ ಕಣಮ್ಮ, ಇದೊಂದೇ ಇರೋದು” ಎಂದು ಮೇಷ್ಟ್ರು ಇಟ್ಟು ಹೋದರು. ಗುರುತು ಹಿಡಿಯಲಿಲ್ಲ. ಬದುಕನ್ನೇ ಹಾಳು ಮಾಡಿದವರಿಗೆ ಮುಖದ ನೆನಪೂ ಇಲ್ಲವಲ್ಲ ಎಂದು ಅವಳ ಮೈಯೆಲ್ಲ ಉರಿದುಹೋಯಿತು.

ಹದಿನಾರು ಪುಟದ ಒಂದೊಂದು ಮಡಿಕೆಗೆ ಬೈಂಡಿಂಗಿನವರು ಫಾರಂ ಎನ್ನುತ್ತಾರೆ. ಅಕ್ಕ ಹಳೆಯ ದಾರ ಕತ್ತರಿಸಿ ಕೊನೆಯ ಫಾರಂ ಎತ್ತಿಕೊಂಡು ನಿಂತಲ್ಲೇ ಓದಿದಳು. ಓದಿ ಅತ್ತಳು, ಆ ಹೆಂಗಸಿಗಾಗಿ ಸ್ವಲ್ಪ, ತನಗಾಗಿ ಜಾಸ್ತಿ. ಆಮೇಲೆ ಅದನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿದು, ಉಳಿದದ್ದನ್ನು ಹೊಲಿದು, ಅಂಟು ಬಳಿದು, ಹೊಸ ರಟ್ಟು ಹಾಕಿದಳು. ಅಷ್ಟು ಅಚ್ಚುಕಟ್ಟಾದ ಕೆಲಸ ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ಭಾನುವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಕಾದಂಬರಿಯ ಹೆಂಡತಿ ಒಂದು ಗುಡಿಸಲಿನ ಬಾಗಿಲು ತಟ್ಟಿದಳು. ಮೇಷ್ಟ್ರು ಪುಟ ತಿರುವಿದರೆ ರಟ್ಟು.

“ಅಯ್ಯೋ, ಕೊನೇದೇ ಇಲ್ವಲ್ಲ!” ಅವರು ತಲೆಯೆತ್ತಿ ಎಲ್ಲರ ಕಡೆ ನೋಡಿದರು. “ಮೊದ್ಲೇ ಓದಿರೋರು ಯಾರಾದ್ರೂ ಇದ್ದೀರಾ?”

ಅಕ್ಕ ಎದ್ದು ನಿಂತಳು. “ನಾನು ಓದಿದೀನಿ. ಆ ಪುಟಗಳೂ ನನ್ನ ಹತ್ರಾನೇ ಇವೆ. ಕದ್ದಿದೀನಿ. ಒಂಬತ್ತನೇ ಕ್ಲಾಸಲ್ಲಿ ಕಳ್ಳಿ ಅಂದ್ರಲ್ಲ ಮೇಷ್ಟ್ರೇ, ಅವತ್ತು ಕದ್ದಿರ್ಲಿಲ್ಲ. ಈಗ ಕದ್ದೆ.”

ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು ಅವಳನ್ನೇ ನೋಡಿದರು. ಗುರುತು ಸಿಗಲು ತುಂಬ ಹೊತ್ತು ಹಿಡಿಯಿತು.

“ನಿನ್ನ ತಪ್ಪಿಲ್ಲ ಅಂತ ಮಾರನೇ ದಿನಾನೇ ಗೊತ್ತಾಯ್ತು” ಎಂದರು, ಎಲ್ಲರೆದುರಿಗೆ. “ಹೇಳೋಕೆ ನಾಲಿಗೆ ಏಳ್ಲಿಲ್ಲ. ಈಗ ಹೇಳ್ತಿದೀನಿ. ತಪ್ಪಾಯ್ತು ತಾಯಿ.”

ನರ್ಸಮ್ಮ ಕಣ್ಣೊರೆಸಿಕೊಂಡರು. ಅಕ್ಕ ತನ್ನ ಹೊಟ್ಟೆ ತಣ್ಣಗಾದೀತೆಂದು ಕಾದಳು. ಆಗಲಿಲ್ಲ. ಅಪ್ಪ ಈ ಮಾತು ಕೇಳಿಸಿಕೊಳ್ಳದೇ ಸತ್ತಿದ್ದ.

“ಕೊನೆಗೆ ಅವನು ಸಿಕ್ಕಿದ್ನಾ?” ಮೇಷ್ಟ್ರು ಮೆಲ್ಲಗೆ ಕೇಳಿದರು. “ಅಷ್ಟು ಹೇಳ್ಬಿಡಮ್ಮ.”

“ನಂಗೆ ಗೊತ್ತಾಗೋಕೆ ಮೂವತ್ತೊಂದು ವರ್ಷ ಹಿಡೀತು ಮೇಷ್ಟ್ರೇ” ಎಂದಳು ಅಕ್ಕ. “ನೀವೂ ಕಾಯಿರಿ.”