ಹುಣಸೆ ಮರದ ಕೆಂಪು ಪಟ್ಟಿ

ಜನ ಗುಡಿಗೆ ಹೋಗುವ ಹಾಗೆ ನಾನು ಹಳೆಯ ಮರಗಳನ್ನು ನೋಡಲು ಹೋಗುತ್ತೇನೆ. ಕುರುಂದವಾಡದಾಚೆ, ಹೊಳೆಯಿಂದ ತುಸು ಮೇಲೆ ಒಂದು ಹುಣಸೆ ಮರವಿದೆ. ಮೂರು ಮಂದಿ ಕೈ ಕೈ ಹಿಡಿದು ನಿಂತರೂ ಅದರ ಬೊಡ್ಡೆ ತೆಕ್ಕೆಗೆ ಸಿಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಜಯಸಿಂಗಪುರದಿಂದ ಬಂದು ಅದರ ಕೆಳಗೆ ಕೂತು ಹೋಗದಿದ್ದರೆ ನನಗೆ ಸಮಾಧಾನವಿಲ್ಲ.

ಈ ಸಲ ಹೋದಾಗ ಬೊಡ್ಡೆಯ ಸುತ್ತ ಎದೆಮಟ್ಟದಲ್ಲಿ ಕೆಂಪು ಪಟ್ಟಿ ಬಳಿದಿತ್ತು. ರಸ್ತೆ ಅಗಲ ಮಾಡುವವರು ಕಡಿಯುವ ಮರಕ್ಕೆ ಮೊದಲು ಹೀಗೇ ಬಣ್ಣ ಬಳಿಯುತ್ತಾರೆ. ನಮ್ಮ ದಾರಿಯ ಆಲದ ಮರಗಳೆಲ್ಲ ಹಾಗೇ ಹೋದವು. ನನಗೆ ಮೈಯೆಲ್ಲ ಉರಿದುಹೋಯಿತು. ನೆರಳಲ್ಲಿ ಕೂತಿದ್ದ ಕುರಿಗಾರ ಅಜ್ಜನ ಮೇಲೆ ಹರಿಹಾಯ್ದೆ: "ಏನ್ ಅಜ್ಜಾರ, ಇದಕ್ಕೂ ಬಣ್ಣಾ ಹಚ್ಚಿ ಹೋದ್ರು? ನೀವು ಸುಮ್ನ ನೋಡಕೋತ ಕುಂತಿದ್ರೇನು?"

ಅಜ್ಜ ನಕ್ಕ. "ಹಚ್ಚಿದಾಂವ ನಾನ ರೀ. ಕುರಿ ಕಡೆ ನೋಡ್ರಿ."

ನೋಡಿದೆ. ಬೇರೆಯವರ ಹಿಂಡಿನಲ್ಲಿ ಬೆರೆತು ಹೋಗಬಾರದೆಂದು ಹಾಕಿದ ಗುರುತು, ಅದೇ ಕೆಂಪು, ಒಂದೊಂದರ ಬೆನ್ನ ಮೇಲೂ ಇತ್ತು.

"ಹೋದ ಮಳಿಗಾಲದ ಮಹಾಪೂರದಾಗ ದೊಡ್ಡ ಕುರಿ ಭಾಳ ಹೊಳಿ ಪಾಲಾದ್ವು ರೀ," ಎಂದ ಅಜ್ಜ. "ಮರಿಗೋಳನ್ನ ಮಾತ್ರ ಈ ಗಿಡದ ಟೊಂಗಿ ಮ್ಯಾಲ ಕಟ್ಟಿ ಉಳಿಸಿಕೊಂಡ್ವಿ."

ಎದೆ ಹಗುರಾಯಿತು. ಸಿಟ್ಟಿಗೆ ನಾಚಿಕೊಂಡು, ನಾನು ಯಾವಾಗಲೂ ಕೂರುವ ಬೇರಿನ ಮೇಲೆ ಕೂತೆ. ಅಜ್ಜ ಬೊಡ್ಡೆಯನ್ನು ಕುರಿಯ ಬೆನ್ನು ತಟ್ಟುವ ಹಾಗೆ ತಟ್ಟಿದ.

"ಅವತ್ತಿಂದ ಇದೂ ನಮ್ಮ ಹಿಂಡಿನದ ರೀ."