ಅಡ್ಡಹೆಸರಿಲ್ಲದವರ ಪಟ್ಟಿ

ಬೆಳಗಿನ ಆರು ಗಂಟೆ. ಪುಣೆಯ ಹಿಂಜವಾಡಿಯಲ್ಲಿ ಏಳುತ್ತಿರುವ ಹನ್ನೊಂದು ಮಹಡಿಯ ಕಟ್ಟಡದ ಗೇಟಿನ ಪಕ್ಕ ಒಂದು ತಗಡಿನ ಶೆಡ್ಡು. ಒಳಗೆ ಅನುಸೂಯಾ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಐದು ಸಾಲು ಟೈಪು ಮಾಡಿ ಗುಂಡಿ ಒತ್ತುತ್ತಾರೆ. ಪ್ರಿಂಟರು ಕಿರ್ರೆನ್ನುತ್ತ ಕಾಗದ ಉಗುಳುತ್ತದೆ. ಇವತ್ತು ಒಳಗೆ ಹೋಗಬಹುದಾದ ಕೂಲಿಯವರು ಒಂಬೈನೂರ ಅರವತ್ತು ಮಂದಿ. ಆ ಕಾಗದದಲ್ಲಿ ಹೆಸರಿದ್ದರೆ ಕೆಲಸ. ಇಲ್ಲದಿದ್ದರೆ ಬಂದ ದಾರಿ ಹಿಡಿಯಬೇಕು.

ನಾಳೆ ಈ ಕಟ್ಟಡದಲ್ಲಿ ಸಾಫ್ಟ್‌ವೇರಿನವರು ಬಂದು ಕೂರುತ್ತಾರೆ. ಪತ್ರಿಕೆಗಳು ಅವರ ಫೋಟೊ ಹಾಕುತ್ತವೆ. ಕಟ್ಟಡಕ್ಕೆ ಗೋಡೆ ಬರುವ ಮೊದಲೇ ಅದರ ಗೇಟಿನಲ್ಲಿ ಕೂತು ಅಂಥದೇ ಕೆಲಸ ಮಾಡುತ್ತಿರುವ ಈ ಹೆಂಗಸಿನ ಕಡೆ ಯಾರೂ ತಿರುಗಿ ನೋಡಿಲ್ಲ.

ಕೂಲಿಯವರ ವಿವರ ಒಂದು ಕೋಷ್ಟಕದಲ್ಲಿದೆ, ಗುತ್ತಿಗೆದಾರರದ್ದು ಇನ್ನೊಂದರಲ್ಲಿ, ಡಾಕ್ಟರ ತಪಾಸಣೆಯದ್ದು ಮತ್ತೊಂದರಲ್ಲಿ. ಮೂರನ್ನೂ ಸರಿಯಾಗಿ ಜೋಡಿಸಿ ಪ್ರಶ್ನೆ ಕೇಳಬೇಕು. ಅದಕ್ಕೆ ಕ್ವೆರಿ ಎನ್ನುತ್ತಾರೆ. ಜೋಡಣೆ ತಪ್ಪಿದರೆ ಒಬ್ಬನೇ ಮನುಷ್ಯ ಎರಡು ಸಲ ಬರುತ್ತಾನೆ, ಇಲ್ಲವೇ ಬರುವುದೇ ಇಲ್ಲ. ಇಂಥ ಮೂವತ್ತು ನಲವತ್ತು ಪ್ರಶ್ನೆಗಳನ್ನು ಅನುಸೂಯಾ ದಿನವೂ ಬಿಡಿಸುತ್ತಾರೆ. ಯಾರ ತಪಾಸಣೆ ಮುಗಿದಿಲ್ಲ, ಯಾರು ಎರಡು ಗುತ್ತಿಗೆದಾರರ ಕೈಕೆಳಗೆ ಇದ್ದಾರೆ, ಎಲ್ಲ ಅವರನ್ನೇ ಕೇಳುವುದು. ಆದರೂ ಅವರ ಹುದ್ದೆ ‘ಡಾಟಾ ಎಂಟ್ರಿ’. ಅದೂ ಹಂಗಾಮಿ.

ಮೂವತ್ತನಾಲ್ಕರ ಅನುಸೂಯಾ ಕಲಿತದ್ದು ಸ್ವಾರಗೇಟಿನ ಒಂದು ಮಹಡಿ ಮೇಲಿನ ಕಂಪ್ಯೂಟರ್ ಕ್ಲಾಸಿನಲ್ಲಿ, ಆರು ತಿಂಗಳು. ತಂದೆ ತಾಯಪ್ಪ ಯಾದಗಿರಿ ಕಡೆಯಿಂದ ಕೂಲಿಗೆ ಬಂದವರು. ತೊಂಬತ್ತಮೂರರಲ್ಲಿ ಅವರನ್ನು ಕೆಲಸಕ್ಕೆ ತೆಗೆದುಕೊಂಡ ಮುಕಾದಮ ಪುಣೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದ: “ಆಡನಾವ ಕಾಯ?” ಅಡ್ಡಹೆಸರೇನು ಎಂದು. ನಮ್ಮ ಕಡೆ ಎಷ್ಟೋ ಮಂದಿಗೆ ಅಡ್ಡಹೆಸರೇ ಇಲ್ಲ. ತಾಯಪ್ಪ ತಮ್ಮ ಹೆಸರನ್ನೇ ಇನ್ನೊಮ್ಮೆ ಹೇಳಿದರು. ಮುಕಾದಮ ತನಗೆ ತೋಚಿದಂತೆ ‘ಪವಾರ’ ಎಂದು ಬರೆದುಕೊಂಡ.

ಮರುವರ್ಷ ತಾಯಪ್ಪ ಕಟ್ಟಡದ ಸಾರವೆಯಿಂದ ಬಿದ್ದರು. ಆಸ್ಪತ್ರೆಯವರು ಕೆಲಸದ ಕಾರ್ಡು ನೋಡಿದರು, ತಾಯಪ್ಪ ಪವಾರ. ರೇಷನ್ ಕಾರ್ಡು ನೋಡಿದರು, ಬರೀ ತಾಯಪ್ಪ. ಇವರಿಬ್ಬರೂ ಬೇರೆ ಬೇರೆ ಎಂದುಬಿಟ್ಟರು. ಒಬ್ಬನೇ ಮನುಷ್ಯ ಎಂದು ಕಾಗದ ಒಪ್ಪುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಕಾಲಿನ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಬಿಬವೇವಾಡಿಯ ಮನೆಯಲ್ಲಿ ಅವರು ಈಗಲೂ ಗೋಡೆ ಹಿಡಿದೇ ನಡೆಯುತ್ತಾರೆ.

ಈ ಜೂನ್ ಏಳರಂದು, ಸೋಮವಾರ, ಮುಖ್ಯ ಕಚೇರಿ ಕಳಿಸಿದ ಹೊಸ ಪ್ರೋಗ್ರಾಂ ಚಾಲೂ ಆಯಿತು. ಪಟ್ಟಿ ಬಂತು. ಇನ್ನೂರ ಹನ್ನೆರಡು ಸಾಲುಗಳಲ್ಲಿ ನಂಬರು ಮಾತ್ರ ಇತ್ತು, ಹೆಸರಿನ ಜಾಗ ಖಾಲಿ. ಕಾಗದದಲ್ಲಿ ಹೆಸರಿಲ್ಲದವರನ್ನು ಬಿಡುವುದಿಲ್ಲ ಎಂದು ಕಾವಲುಗಾರ ಏಕನಾಥ ಗೇಟಿಗೆ ಅಡ್ಡ ನಿಂತ. ಮಳೆಯಲ್ಲಿ ನೆನೆಯುತ್ತಿದ್ದ ಹುಸೇನಪ್ಪ ಎಂಬ ಗೋಡೆ ಕಟ್ಟುವ ಗೌಂಡಿ ಶೆಡ್ಡಿನ ಕಿಟಕಿಗೆ ಬಂದು ಹೇಳಿದ: “ಅಕ್ಕಾ, ನನ್ನ ನಂಬರ್ ಅದ. ನಾನೇ ಇಲ್ಲ ನೋಡು.”

ಅನುಸೂಯಾ ಆ ಇನ್ನೂರ ಹನ್ನೆರಡು ಮಂದಿಯ ದಾಖಲೆ ತೆಗೆದರು. ಒಬ್ಬರಿಗೂ ಅಡ್ಡಹೆಸರಿಲ್ಲ. ಹೊಸ ಪ್ರೋಗ್ರಾಂ ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರನ್ನೂ ಒಟ್ಟು ಕೂಡಿಸುತ್ತಿತ್ತು. “ತುಂಬದೇ ಬಿಟ್ಟ ಖಾನೆಗೆ ಕಂಪ್ಯೂಟರ್ ‘ಏನೂ ಇಲ್ಲ’ ಅನ್ನಂಗಿಲ್ರಿ, ‘ಗೊತ್ತಿಲ್ಲ’ ಅಂತದ. ಗೊತ್ತಿದ್ದದ್ದಕ್ಕ ಗೊತ್ತಿಲ್ಲದ್ದು ಕೂಡ್ಸಿದ್ರ ಎಲ್ಲಾನೂ ಗೊತ್ತಿಲ್ಲ ಆಗ್ತದ. ಒಂದು ಹನಿ ಹುಳಿಗೆ ಗಡಿಗಿ ಹಾಲು ಒಡದಂಗ,” ಎನ್ನುತ್ತಾರೆ.

ಮ್ಯಾನೇಜರು ಫೋನಿನಲ್ಲೇ ಉಪಾಯ ಹೇಳಿದರು. ಖಾಲಿ ಇರುವ ಎಲ್ಲರ ಖಾನೆಗೂ ‘ಕರ್ನಾಟಕಕರ’ ಎಂದು ತುಂಬಿಬಿಡಿ, ಒಂದು ಸಾಲಿನ ಆಜ್ಞೆ, ಹತ್ತು ಸೆಕೆಂಡಿನ ಕೆಲಸ. ದನಕ್ಕೆ ಮುದ್ರೆ ಒತ್ತಿದಂತೆ! ಅದೇ ಕೋಷ್ಟಕದಿಂದ ನಾಳೆ ಕಾರ್ಡು ಅಚ್ಚಾಗುತ್ತದೆ, ಆ ಕಾರ್ಡು ಹಿಡಿದೇ ಆಸ್ಪತ್ರೆಗೆ ಹೋಗಬೇಕು ಎಂಬುದು ಅವರ ತಲೆಗೆ ಹೊಳೆಯಲಿಲ್ಲ.

“ಆ ಒಂದು ಸಾಲು ನನಗೂ ಬರ್ತದ್ರಿ ಸಾಹೇಬ್ರ. ಆದ್ರ ನಾ ಹೊಡಿಯಂಗಿಲ್ಲ,” ಎಂದು ಅನುಸೂಯಾ ಫೋನಿಟ್ಟರು.

ಜನರ ಹೆಸರನ್ನು ಮುಟ್ಟಲಿಲ್ಲ, ಕ್ವೆರಿಯನ್ನೇ ತಿದ್ದಿದರು. ಅಡ್ಡಹೆಸರು ಗೊತ್ತಿಲ್ಲದಿದ್ದರೆ ಆ ಜಾಗ ಬಿಟ್ಟು ಉಳಿದದ್ದನ್ನು ಬರೆ ಎಂದು ಹೇಳುವ ಫಂಕ್ಷನ್ ಡಾಟಾಬೇಸಿನಲ್ಲೇ ಇದೆ. ಅದನ್ನು ಸೇರಿಸಿ, ಪರೀಕ್ಷಿಸಿ, ಪಟ್ಟಿ ತೆಗೆಯಲು ಇಪ್ಪತ್ತು ನಿಮಿಷ. ಏಕನಾಥ ಇನ್ನೂರ ಹನ್ನೆರಡು ಹೆಸರನ್ನೂ ತಾನೇ ಕೂಗಿ ಒಳಗೆ ಬಿಟ್ಟ.

ಇದಕ್ಕೆ ಶಾಭಾಸ್ ಅನ್ನಬೇಕಿತ್ತು. ಮಗರಪಟ್ಟಾದ ಮುಖ್ಯ ಕಚೇರಿಯಿಂದ ಬಂದದ್ದು ನೋಟೀಸು. ಅಪ್ಪಣೆಯಿಲ್ಲದೆ ಪ್ರೋಗ್ರಾಂ ತಿದ್ದಿದ್ದೀರಿ, ಹಳೆಯದನ್ನೇ ವಾಪಸ್ ಹಾಕಿ ಅಡ್ಡಹೆಸರು ತುಂಬಿ, ಇಲ್ಲವೇ ಕೆಲಸದಿಂದ ಏಕೆ ತೆಗೆಯಬಾರದೆಂದು ವಾರದೊಳಗೆ ತಿಳಿಸಿ. ಮನೆ ನಡೆಯುವುದು ಈ ಒಂದು ಕೆಲಸದಿಂದ. ಕಾಲಿಗೆ ಬಿದ್ದು ಒಪ್ಪಿಕೋ ಎಂದು ಬುದ್ಧಿ ಹೇಳುವವರಿಗೇನೂ ಕಡಿಮೆಯಿಲ್ಲ.

ಅನುಸೂಯಾ ಆ ನೋಟೀಸನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಕರೆದು ತೋರಿಸುತ್ತಾರೆ. ‘ಪ್ರತಿ’ ಎಂದಿರುವಲ್ಲಿ ಮುಂದೆ ಖಾಲಿ. ಅದರ ಕೆಳಗೆ ಅವರ ನಂಬರು ಮಾತ್ರ. ತಾಯಪ್ಪನ ಮಗಳಿಗೂ ಅಡ್ಡಹೆಸರಿಲ್ಲ. ಪತ್ರ ಅಚ್ಚು ಹಾಕುವ ಪ್ರೋಗ್ರಾಮಿನಲ್ಲೂ ಅದೇ ತಪ್ಪು.

ಉತ್ತರವನ್ನು ನಿನ್ನೆಯೇ ಕಳಿಸಿದ್ದಾರಂತೆ. ಅಡ್ಡಹೆಸರು ತುಂಬುವುದಿಲ್ಲ ಎಂದು ಒಂದು ಸಾಲು. ಅದರ ಕೆಳಗೆ, ಪತ್ರದ ಕ್ವೆರಿಯನ್ನು ಹೇಗೆ ತಿದ್ದಬೇಕೆಂದು ಇನ್ನೊಂದು ಸಾಲು. ಕೆಲಸ ಉಳಿಯುತ್ತದೋ ಹೋಗುತ್ತದೋ ಅವರಿಗೂ ಗೊತ್ತಿಲ್ಲ. ಮತ್ತೇನು ಬೇಕು ಎಂದು ಕೇಳಿದರೆ ನಾಳೆಯ ಪಟ್ಟಿಗೆ ಕಾಗದ ಜೋಡಿಸುತ್ತಲೇ ಹೇಳುತ್ತಾರೆ:

“ತೆಗೀತಿದ್ರ ತೆಗೀಲಿ. ಮೊದ್ಲು ಆ ಸಾಲು ತಿದ್ಕೊಂಡು, ನನ್ನ ಹೆಸರು ಬರೆದು ಕಳಸ್ಲಿ. ಬೈಸ್ಕೊಳ್ಳೋದಾದ್ರೂ ನಾ ನನ್ನ ಹೆಸರಿನ ಮ್ಯಾಲೇ ಬೈಸ್ಕೋತೀನ್ರಿ.”